ಜುಹು ಬಯಲಿನ ವೈಮಾನಿಕ ಜೆ. ಆರ್. ಡಿ. ಟಾಟಾ

ಸಾಂತಾಕ್ರೂಜ್, ವಿಲೇಪಾರ್ಲೆಗಳ ಪಶ್ಚಿಮ ಭಾಗದಲ್ಲಿ ನೆಲೆಸಿರುವ ನಮ್ಮ ಕನ್ನಡ ಬಂಧುಗಳಲ್ಲಿ ಹಲವರಿಗೆ ಜುಹುವಿನ ವಿಮಾನ ನಿಲ್ದಾಣದ ಆವರಣಗೋಡೆ ದಿನನಿತ್ಯದ ನೋಟವಾಗಿದೆ. ಗೋಡೆಯಾಚೆ ಹುಲ್ಲು ಬೆಳೆದ ಬಯಲು, ಒಂದನ್ನೊಂದು ಅಡ್ಡಹಾಯುವ ಎರಡು ರನ್‌ವೇಗಳು, ಆಗಾಗ ಕಿವಿ ತುಂಬುವ ಹೆಲಿಕಾಪ್ಟರಿನ ಸದ್ದು, ಇಷ್ಟೇ ಅಲ್ಲಿಯ ವೈಭವ. ದೊಡ್ಡ ವಿಮಾನಗಳು ಇಲ್ಲಿ ಇಳಿಯುವುದಿಲ್ಲ. ಇಲ್ಲಿಂದ ಮೇಲೇಳುವ ಹೆಲಿಕಾಪ್ಟರುಗಳು ಪಡುಗಡಲಿನಲ್ಲಿ ಸುಮಾರು 160 ಕಿಲೋಮೀಟರು ದೂರ ಸಾಗಿ, ನಡುನೀರಿನಲ್ಲಿ ಉಕ್ಕಿನ ದ್ವೀಪಗಳಂತೆ ನಿಂತಿರುವ ಬಾಂಬೆ ಹೈ ತೈಲವೇದಿಕೆಗಳಿಗೆ ಕೆಲಸಗಾರರನ್ನು ಮುಟ್ಟಿಸಿ ಮರಳುತ್ತವೆ. ಭಾರತದ ವಾಯುಯಾನದ ಇತಿಹಾಸವು ಮುಖ್ಯವಾಗಿ ಆರಂಭವಾದುದು ಈ ಸಣ್ಣ ಬಯಲಿನಲ್ಲಿಯೇ ಎಂಬುದನ್ನು ಆ ಗೋಡೆಯ ಬದಿಯಲ್ಲಿ ನಡೆದುಹೋಗುವವರು ನೆನೆಯುವ ಸಂದರ್ಭ ಕಡಿಮೆ. ಆ ಆರಂಭದೊಡನೆ ಹೆಣೆದುಕೊಂಡ ಜಹಾಂಗೀರ್ ರತನ್‌ಜಿ ದಾದಾಭಾಯಿ ಟಾಟಾ ಅವರ ಜೀವನವನ್ನು ಇಂದು ವಾಚಕರ ಮುಂದಿಡಲು ನಾವು ಬಯಸುತ್ತೇವೆ.

ಜುಹು ಒಂದು ಕಾಲಕ್ಕೆ ಸ್ವತಃ ದ್ವೀಪವಾಗಿತ್ತು. ಸಾಷ್ಟಿಯ ಪಶ್ಚಿಮ ತೀರಕ್ಕೆ ತಾಗಿಯೂ ತಾಗದಂತೆ ಸಮುದ್ರಮಟ್ಟದಿಂದ ತುಸುವೇ ಮೇಲೆದ್ದಿದ್ದ ಉದ್ದನೆಯ ಮರಳುದಿಣ್ಣೆ ಅದು. ಇಳಿತದ ಹೊತ್ತಿನಲ್ಲಿ ಜನರು ಕಾಲ್ನಡೆಯಿಂದಲೇ ದಾಟಿಹೋಗುತ್ತಿದ್ದರು. ಜಮ್‌ಶೆಟ್‌ಜಿ ಟಾಟಾ ಅವರು 1890ರ ದಶಕದಲ್ಲಿ ಇಲ್ಲಿ ಭೂಮಿಯನ್ನು ಕೊಂಡು, ಮನೆ ಕಟ್ಟಿಸಿ, ವಿಶಾಲವಾದ ಬಡಾವಣೆಯೊಂದನ್ನು ನಿರ್ಮಿಸಬೇಕೆಂದು ಯೋಚಿಸಿದ್ದರು. 1904ರ ಮೇ ತಿಂಗಳಲ್ಲಿ ಅವರು ನಿಧನರಾದುದರಿಂದ ಆ ಯೋಜನೆ ಅಲ್ಲಿಗೇ ನಿಂತಿತು. ಅದೇ ವರ್ಷದ ಜುಲೈ 29ರಂದು ದೂರದ ಪ್ಯಾರಿಸಿನಲ್ಲಿ, ಜಮ್‌ಶೆಟ್‌ಜಿಯವರ ಬಂಧುವೂ ವ್ಯಾಪಾರದಲ್ಲಿ ಸಹಭಾಗಿಯೂ ಆಗಿದ್ದ ರತನ್‌ಜಿ ದಾದಾಭಾಯಿ ಟಾಟಾ ಅವರಿಗೆ ಗಂಡು ಮಗು ಹುಟ್ಟಿತು. ತಾಯಿ ಸುಜಾನ್ ಫ್ರೆಂಚ್ ಮಹಿಳೆ. ಮದುವೆಯ ಬಳಿಕ ಸೂನಿ ಎಂಬ ಹೆಸರನ್ನು ತಾಳಿದವರು.

ಬಾಲಕನ ದಿನಗಳು ಫ್ರಾನ್ಸ್, ಮುಂಬಯಿ, ಜಪಾನಿನ ಯೊಕೊಹಾಮಾ ಎಂದು ಊರಿನಿಂದೂರಿಗೆ ಅಲೆಯುವುದರಲ್ಲಿಯೇ ಕಳೆದವು. ಫ್ರಾನ್ಸಿನ ಉತ್ತರ ತೀರದ ಆರ್ಡೆಲೊ ಎಂಬಲ್ಲಿ ಕುಟುಂಬಕ್ಕೆ ಬೇಸಗೆಯ ಮನೆಯೊಂದಿತ್ತು. 1909ರಲ್ಲಿ ಮೊತ್ತಮೊದಲಿಗೆ ವಿಮಾನದಲ್ಲಿ ಇಂಗ್ಲಿಷ್ ಕಡಲ್ಗಾಲುವೆಯನ್ನು ದಾಟಿ ಲೋಕಪ್ರಸಿದ್ಧರಾದ ಲೂಯಿ ಬ್ಲೇರಿಯೋ ಅವರ ಮನೆಯೂ ಅಲ್ಲಿಯೇ ಇದ್ದಿತು. ಆ ಕಡಲತಡಿಯ ಮರಳಿನ ಮೇಲೆ ವಿಮಾನಗಳು ಇಳಿಯುವುದನ್ನು ಕಣ್ಣರಳಿಸಿ ನೋಡಿದ ಹುಡುಗನಿಗೆ ಹಾರಾಟದ ಹುಚ್ಚು ಹಿಡಿದುದರಲ್ಲಿ ಆಶ್ಚರ್ಯವಿಲ್ಲ. ಹದಿನೈದರ ವಯಸ್ಸಿನಲ್ಲಿ ಅದೇ ಆರ್ಡೆಲೊದಲ್ಲಿ ಪ್ರಯಾಣಿಕನಾಗಿ ಮೊದಲ ಬಾರಿಗೆ ಆಗಸಕ್ಕೇರಿದ ಮೇಲೆ ಆ ಹುಚ್ಚು ಬಿಡಲೇ ಇಲ್ಲ. 1923ರಲ್ಲಿ ತಾಯಿ ತೀರಿಕೊಂಡರು. ಮುಂದೆ ಫ್ರೆಂಚ್ ಕಾನೂನಿನಂತೆ ಒಂದು ವರ್ಷ ಸೈನ್ಯದ ಅಶ್ವದಳದಲ್ಲಿ ಸೇವೆ ಸಲ್ಲಿಸಬೇಕಾಯಿತು. ಸೈನ್ಯದಲ್ಲಿಯೇ ಮುಂದುವರಿಯುವ ಆಸೆ ತರುಣನಿಗಿತ್ತು, ತಂದೆ ಒಪ್ಪಲಿಲ್ಲ. ಆತ ಬಿಟ್ಟುಬಂದ ದಳವು ಅನಂತರ ಮೊರಾಕ್ಕೋದ ಯುದ್ಧದಲ್ಲಿ ನಾಶವಾಯಿತು. ಕೇಂಬ್ರಿಜಿನಲ್ಲಿ ಎಂಜಿನಿಯರಿಂಗ್ ಓದುವ ಬಯಕೆಯೂ ನೆರವೇರಲಿಲ್ಲ. 1925ರ ಕೊನೆಯಲ್ಲಿ ತಂದೆಯ ಕರೆಯಂತೆ ಮುಂಬಯಿಗೆ ಬಂದು ಟಾಟಾ ಕಚೇರಿಯಲ್ಲಿ ಸಂಬಳವಿಲ್ಲದ ಅಭ್ಯರ್ಥಿಯಾಗಿ ಜಾನ್ ಪೀಟರ್‌ಸನ್ ಎಂಬ ಹಿರಿಯ ಅಧಿಕಾರಿಯ ಕೈಕೆಳಗೆ ಸೇರಿದರು. ಮರುವರ್ಷವೇ ತಂದೆ ಗತಿಸಿದರು. ಇಪ್ಪತ್ತೆರಡರ ಹರೆಯದ ಮೇಲೆ ಕುಟುಂಬದ ಹೊಣೆ ಬಿದ್ದಿತು.

ಅವರಿಗೆ ಸಲೀಸಾಗಿ ಬರುತ್ತಿದ್ದ ಭಾಷೆ ಫ್ರೆಂಚ್, ಆಮೇಲೆ ಇಂಗ್ಲಿಷ್. ದೇಶಭಾಷೆಗಳು ಕೊನೆಯವರೆಗೂ ಅವರಿಗೆ ಚೆನ್ನಾಗಿ ಒಲಿಯಲಿಲ್ಲ. ಮಾತೃಭಾಷೆಯ ಅಭಿಮಾನವನ್ನು ಬುತ್ತಿಯಂತೆ ಕಟ್ಟಿಕೊಂಡು ಈ ನಗರಕ್ಕೆ ಬಂದ ನಮ್ಮಂಥವರಿಗೆ ಇದು ಕೊರತೆಯಾಗಿ ಕಂಡೀತು. ಆದರೆ 1929ರಲ್ಲಿ ಫ್ರೆಂಚ್ ನಾಗರಿಕತ್ವವನ್ನು ತಾವಾಗಿಯೇ ತೊರೆದು, ಪರಾಧೀನವಾಗಿದ್ದ ಭಾರತದ ಪ್ರಜೆಯಾಗಲು ನಿರ್ಧರಿಸಿದವರೂ ಅವರೇ.

ಮುಂಬಯಿಯಲ್ಲಿ 1928ರಲ್ಲಿ ಫ್ಲೈಯಿಂಗ್ ಕ್ಲಬ್ ಸ್ಥಾಪನೆಯಾಗಿ, ಜುಹುವಿನ ಬಯಲು ವಿಮಾನಗಳಿಗೆ ತೆರೆದುಕೊಂಡಿತು. ಕ್ಲಬ್ಬಿನ ಬಾಗಿಲು ತೆರೆದ ಸ್ವಲ್ಪ ದಿನಗಳಲ್ಲಿಯೇ ಜೆ. ಆರ್. ಡಿ.ಯವರು ಅಲ್ಲಿ ವಿದ್ಯಾರ್ಥಿಯಾದರು. ಕೆಲವೇ ಗಂಟೆಗಳ ಪಾಠದ ಬಳಿಕ ಒಬ್ಬರೇ ಹಾರಿ, 1929ರ ಫೆಬ್ರವರಿ 10ರಂದು ವೈಮಾನಿಕನ ಪ್ರಮಾಣಪತ್ರವನ್ನು ಪಡೆದರು. ಭಾರತದಲ್ಲಿ ಕೊಡಲಾದ ಅಂತಹ ಪತ್ರಗಳಲ್ಲಿ ಅದರ ಸಂಖ್ಯೆ 1. ಆಗಾಖಾನರು ಇಂಗ್ಲೆಂಡು ಮತ್ತು ಭಾರತಗಳ ನಡುವೆ ಒಂಟಿಯಾಗಿ ಹಾರುವ ಮೊದಲ ಭಾರತೀಯನಿಗೆ 500 ಪೌಂಡುಗಳ ಬಹುಮಾನವನ್ನು ಸಾರಿದ ಮೇಲೆ ಮರುವರ್ಷ ಇವರೂ ಕಣಕ್ಕಿಳಿದರು. ಕರಾಚಿಯಿಂದ ಹೊರಟು ಈಜಿಪ್ತದ ಅಬೂಕೀರ್ ತಲಪಿದಾಗ, ಎದುರು ದಿಕ್ಕಿನಿಂದ ಬರುತ್ತಿದ್ದ ಪ್ರತಿಸ್ಪರ್ಧಿ, ಹದಿನೇಳು ವರ್ಷದ ಆಸ್ಪಿ ಎಂಜಿನಿಯರ್, ಸ್ಪಾರ್ಕ್ ಪ್ಲಗ್ ಕೆಟ್ಟು ಮುಂದೆ ಸಾಗಲಾರದೆ ಕುಳಿತಿದ್ದರು. ಜೆ. ಆರ್. ಡಿ. ತಮ್ಮಲ್ಲಿದ್ದ ಪ್ಲಗ್ಗನ್ನು ಕೊಟ್ಟರು. ಬಹುಮಾನ ಆಸ್ಪಿಗೆ ಹೋಯಿತು. ಈ ಆಸ್ಪಿ ಎಂಜಿನಿಯರ್ ಅವರೇ 1960ರಲ್ಲಿ ಭಾರತೀಯ ವಾಯುಪಡೆಯ ಮುಖ್ಯಸ್ಥರಾದರು.

ಇಷ್ಟು ಮಾತ್ರವಾಗಿದ್ದರೆ ಜೆ. ಆರ್. ಡಿ.ಯವರನ್ನು ಸಿರಿವಂತರ ಮನೆಯ ಸಾಹಸಪ್ರಿಯ ತರುಣರಲ್ಲಿ ಒಬ್ಬರೆಂದು ಎಣಿಸಿ ಬಿಡಬಹುದಿತ್ತು. ವಿಲಾಸವನ್ನು ವೃತ್ತಿಯಾಗಿಸಿದವರು ನೆವಿಲ್ ವಿನ್ಸೆಂಟ್. ಬ್ರಿಟಿಷ್ ವಾಯುಪಡೆಯಲ್ಲಿದ್ದ ಈ ವೈಮಾನಿಕರು ಹಳೆಯ ವಿಮಾನಗಳೊಡನೆ ಭಾರತಕ್ಕೆ ಬಂದು ಜನರನ್ನು ಹತ್ತಿಸಿ ಹಾರಿಸುತ್ತ ದೇಶ ಸುತ್ತಿದ್ದರು. ಇಂಗ್ಲೆಂಡಿನಿಂದ ಇಂಪೀರಿಯಲ್ ಏರ್‌ವೇಸ್ ತರುವ ಟಪಾಲು 1929ರಿಂದ ಕರಾಚಿಗೆ ಬಂದಿಳಿಯುತ್ತಿತ್ತು. ಅಲ್ಲಿಂದ ಮುಂದಕ್ಕೆ ಅದು ರೈಲಿನ ಪಾಲು. ಕರಾಚಿಯಿಂದ ಮುಂಬಯಿಗೂ ಮದರಾಸಿಗೂ ವಿಮಾನದಲ್ಲಿಯೇ ಟಪಾಲನ್ನು ಒಯ್ಯುವ ಯೋಜನೆಯನ್ನು ಅವರು ಟಾಟಾ ಸಂಸ್ಥೆಯ ಮುಂದಿಟ್ಟರು. ಅಧ್ಯಕ್ಷರಾದ ದೊರಾಬ್‌ಜಿ ಟಾಟಾ ಅವರಿಗೆ ಇಳಿವಯಸ್ಸಿನಲ್ಲಿ ಈ ಹೊಸ ಸಾಹಸದಲ್ಲಿ ಉತ್ಸಾಹವಿರಲಿಲ್ಲ. ಒಪ್ಪಿಸಿದವರು ಅದೇ ಪೀಟರ್‌ಸನ್. ತೊಡಗಿಸಬೇಕಾದ ಹಣ ಎರಡು ಲಕ್ಷ ರೂಪಾಯಿ. ಸರಕಾರವು ಸಹಾಯಧನ ಕೊಡಲೊಲ್ಲದೆ ವರ್ಷಗಟ್ಟಲೆ ಕಾಗದಪತ್ರ ನಡೆಸಿತು. ಕೊನೆಗೆ ಸಹಾಯಧನವೇ ಬೇಡ, ಒಯ್ದ ಟಪಾಲಿಗೆ ಬಾಡಿಗೆ ಕೊಟ್ಟರೆ ಸಾಕು ಎಂದು ಟಾಟಾ ಕಡೆಯವರು ಹೇಳಿದ ಮೇಲೆ 1932ರಲ್ಲಿ ಒಪ್ಪಂದವಾಯಿತು. ಆ ಜೂನ್ ತಿಂಗಳಲ್ಲಿ ದೊರಾಬ್‌ಜಿ ಕಾಲವಾದರು. ತಮ್ಮ ಒಪ್ಪಿಗೆಯ ಫಲವನ್ನು ಅವರು ಕಾಣಲಿಲ್ಲ.

1932ರ ಅಕ್ಟೋಬರ್ 15ರ ಮುಂಜಾನೆ ಜೆ. ಆರ್. ಡಿ.ಯವರು ಪಸ್ ಮಾತ್ ಎಂಬ ಒಂದೇ ಎಂಜಿನಿನ ಪುಟ್ಟ ವಿಮಾನದಲ್ಲಿ ಟಪಾಲಿನ ಚೀಲಗಳನ್ನಿರಿಸಿಕೊಂಡು ಕರಾಚಿಯ ಡ್ರಿಘ್ ರೋಡ್ ನಿಲ್ದಾಣದಿಂದ ಹೊರಟರು. ಗಂಟೆಗೆ ನೂರು ಮೈಲಿಯ ಆಸುಪಾಸಿನ ವೇಗ. ನಡುವೆ ಅಹಮದಾಬಾದಿನಲ್ಲಿ ಇಳಿದಾಗ, ವಿಮಾನಕ್ಕೆ ಬೇಕಾದ ಪೆಟ್ರೋಲು ನಾಲ್ಕು ಗ್ಯಾಲನ್ ಡಬ್ಬಿಗಳಲ್ಲಿ, ಎತ್ತಿನ ಗಾಡಿಯ ಮೇಲೆ ಬಂದಿತು! ಮಧ್ಯಾಹ್ನ ಜುಹು ಮುಟ್ಟಿದರು. ಅಲ್ಲಿ ಟಪಾಲನ್ನು ವಹಿಸಿಕೊಂಡ ವಿನ್ಸೆಂಟರು ಮದರಾಸಿನ ದಾರಿ ಹಿಡಿದರು. ಆ ದಾರಿಯ ನಡುವಣ ನಿಲುಗಡೆ ಯಾವುದೆಂಬುದು ಕನ್ನಡಿಗರಿಗೆ ವಿಶೇಷ ಪ್ರೀತಿಯ ಸಂಗತಿ: ಅದು ನಮ್ಮ ಬಳ್ಳಾರಿ. ಆಗ ಮದರಾಸು ಪ್ರಾಂತಕ್ಕೆ ಸೇರಿದ್ದ, ಕನ್ನಡನಾಡಿಗೆ ಸೇರಬೇಕೆಂದು ಹಂಬಲಿಸುತ್ತಿದ್ದ ಆ ಊರಿನ ಬಿಸಿಲ ಬಯಲಿನಲ್ಲಿ ಇಳಿದು, ಟಪಾಲಿನ ವಿಮಾನವು ಮುಂದೆ ಸಾಗಿತು. ಏರ್ ಇಂಡಿಯಾ ಎಂದು ಮುಂದೆ ಹೆಸರಾದ ಸಂಸ್ಥೆಯ ಮೊದಲ ಪಯಣದಲ್ಲಿಯೇ ಕನ್ನಡದ ನೆಲವೊಂದಕ್ಕೆ ಸ್ಥಾನವಿದ್ದುದನ್ನು ನಮ್ಮ ಪಠ್ಯಪುಸ್ತಕಗಳಲ್ಲಿ ಒಂದು ಸಾಲಿನಲ್ಲಾದರೂ ಬರೆಯಬಾರದೇಕೆಂದು ನಮಗೆ ಅನ್ನಿಸುವುದುಂಟು.

ಸಂಸ್ಥೆಯೆಂದರೆ ಏನು? ಎರಡು ಪುಟ್ಟ ವಿಮಾನಗಳು, ಜೆ. ಆರ್. ಡಿ., ವಿನ್ಸೆಂಟ್ ಮತ್ತು ಹೋಮಿ ಭರೂಚಾ ಎಂಬ ಮೂವರು ವೈಮಾನಿಕರು, ಮೂವರು ಮೆಕ್ಯಾನಿಕರು, ಜುಹುವಿನಲ್ಲಿ ತೆಂಗಿನ ಗರಿ ಹೊದೆಸಿದ ಮಣ್ಣಿನ ಗುಡಿಸಲು. ರೇಡಿಯೋ ಇಲ್ಲ, ದಾರಿ ತೋರುವ ದೀಪವಿಲ್ಲ. ನಿಲ್ದಾಣವೆಂಬುದು ಕಡಲಿನ ಮಗ್ಗುಲ ತಗ್ಗು ನೆಲ. ಮಳೆಗಾಲ ಹಿಡಿದೊಡನೆ ಅದು ಕೆಸರುಗದ್ದೆಯಾಗಿ ನೀರಿನಲ್ಲಿ ಮುಳುಗುತ್ತಿತ್ತು. ಮುಂಬಯಿಗೂ ನಮ್ಮ ಮಂಗಳೂರು ಕರಾವಳಿಗೂ ನಡುವೆ ಓಡಾಡುವ ಹಡಗುಗಳು ಮಳೆಗಾಲದಲ್ಲಿ ನಿಲ್ಲುತ್ತಿದ್ದುದನ್ನು ಹಿರಿಯರಿಂದ ಕೇಳಿ ಬಲ್ಲೆವಷ್ಟೆ. ಜುಹುವಿನ ಟಪಾಲು ವಿಮಾನಕ್ಕೂ ಅದೇ ಗತಿ ಬರಬಹುದಿತ್ತು. ಆದರೆ ಇವರು ನಿಲ್ಲಿಸಲಿಲ್ಲ. ವಿಮಾನ, ವೈಮಾನಿಕರು, ಮೆಕ್ಯಾನಿಕರು, ಉಪಕರಣಗಳು ಎಲ್ಲವನ್ನೂ ಕಟ್ಟಿಕೊಂಡು ಘಟ್ಟ ಹತ್ತಿ, ಪುಣೆಯ ಯರವಡಾ ಬಯಲಿಗೆ ಸಂಸಾರ ಹೂಡುತ್ತಿದ್ದರು. ಮಳೆ ಹಿಂಗಿದ ಮೇಲೆ ಜುಹುವಿಗೆ ಮರಳುತ್ತಿದ್ದರು. ಮೊದಲ ವರ್ಷದಲ್ಲಿ ಈ ವಿಮಾನಗಳು 1,60,000 ಮೈಲಿ ಹಾರಿ, 155 ಪ್ರಯಾಣಿಕರನ್ನೂ ಹತ್ತು ಟನ್ನಿಗೂ ಮಿಕ್ಕ ಟಪಾಲನ್ನೂ ಒಯ್ದವು. ಲಾಭ 60,000 ರೂಪಾಯಿ. ಹೊತ್ತು ತಪ್ಪದ ಅವರ ನಡವಳಿಕೆಯನ್ನು ಸರಕಾರದ ವಿಮಾನ ಇಲಾಖೆಯೇ ತನ್ನ ವರದಿಯಲ್ಲಿ ಮೆಚ್ಚಿ ಬರೆಯಿತು. 1937ರ ಹೊತ್ತಿಗೆ ಲಾಭವು ಆರು ಲಕ್ಷಕ್ಕೆ ಏರಿತ್ತು. 1935ರಲ್ಲಿ ಮುಂಬಯಿಯಿಂದ ಗೋವೆ, ಕಣ್ಣಾನೂರುಗಳ ಮೂಲಕ ತಿರುವನಂತಪುರಕ್ಕೆ ಹೊಸ ದಾರಿ ತೆರೆಯಿತು. ಗೋವೆಗೂ ಕಣ್ಣಾನೂರಿಗೂ ನಡುವೆ ಇರುವ ನಮ್ಮ ಕರಾವಳಿಯಲ್ಲಿ ಮಾತ್ರ ಅದಕ್ಕೆ ನಿಲುಗಡೆಯಿರಲಿಲ್ಲ. ಬಜಪೆಯ ನಿಲ್ದಾಣಕ್ಕಾಗಿ ಮಂಗಳೂರಿನವರು 1951ರವರೆಗೆ ಕಾಯಬೇಕಾಯಿತು.

1938ರಲ್ಲಿ, ಮೂವತ್ತನಾಲ್ಕರ ವಯಸ್ಸಿಗೆ, ಜೆ. ಆರ್. ಡಿ. ಇಡೀ ಟಾಟಾ ಸಂಸ್ಥೆಯ ಅಧ್ಯಕ್ಷರಾದರು. 1991ರ ತನಕ ಆ ಪೀಠದಲ್ಲಿದ್ದರು. ಉಕ್ಕು, ಮೋಟಾರು, ರಾಸಾಯನಿಕಗಳು, ಪರೇಲಿನ ಕ್ಯಾನ್ಸರ್ ಆಸ್ಪತ್ರೆ, ಹೋಮಿ ಭಾಭಾ ಅವರ ಸಂಶೋಧನಾಲಯ, ಬೆಂಗಳೂರಿನಲ್ಲಿ 1988ರಲ್ಲಿ ರಾಜಾ ರಾಮಣ್ಣನವರ ನಿರ್ದೇಶನದಲ್ಲಿ ತೊಡಗಿದ ಉನ್ನತ ಅಧ್ಯಯನ ಸಂಸ್ಥೆ, ಇವೆಲ್ಲದರ ಕಥೆ ಬೇರೆಯೇ ಬರೆಯತಕ್ಕದ್ದು. ಇಷ್ಟು ಭಾರ ಹೊತ್ತವರ ಮನಸ್ಸು ಹೆಚ್ಚಾಗಿ ನೆಲೆಸಿದ್ದುದು ವಿಮಾನದಲ್ಲಿಯೇ ಎಂಬುದು ಮಾತ್ರ ನಿಶ್ಚಯ. ವಿನ್ಸೆಂಟರು 1942ರಲ್ಲಿ ಯುದ್ಧಕಾಲದ ವಿಮಾನಪ್ರಯಾಣದಲ್ಲಿ ಮಡಿದರು. ಆ ಹಾನಿಯನ್ನು ತುಂಬುವವರು ಸಿಗಲಿಲ್ಲ.

ಯುದ್ಧಾನಂತರ, 1946ರ ಜುಲೈಯಲ್ಲಿ, ಟಾಟಾ ಏರ್‌ಲೈನ್ಸ್ ಸಾರ್ವಜನಿಕ ಕಂಪೆನಿಯಾಗಿ ಏರ್ ಇಂಡಿಯಾ ಎಂಬ ಹೆಸರನ್ನು ತಾಳಿತು. 1948ರ ಜೂನ್ 8ರಂದು ಮಲಬಾರ್ ಪ್ರಿನ್ಸೆಸ್ ಎಂಬ ಕಾನ್‌ಸ್ಟೆಲೇಶನ್ ವಿಮಾನವು ಮುಂಬಯಿಯಿಂದ ಕೈರೋ, ಜಿನೀವಾಗಳ ಮಾರ್ಗವಾಗಿ ಲಂಡನ್ನಿಗೆ ಹಾರಿತು. ಅಧ್ಯಕ್ಷರೂ ಅವರ ಪತ್ನಿ ಥೆಲ್ಮಾ ಅವರೂ ಅದರಲ್ಲಿದ್ದರು. ಎರಡೇ ವರ್ಷಗಳ ಮೇಲೆ, 1950ರ ನವೆಂಬರಿನಲ್ಲಿ, ಅದೇ ವಿಮಾನವು ಆಲ್ಪ್ಸ್ ಪರ್ವತದ ಮೋಂ ಬ್ಲಾಂ ಶಿಖರಕ್ಕೆ ಬಡಿದು, ಒಳಗಿದ್ದ 48 ಮಂದಿಯೂ ಅಸುನೀಗಿದರು. ಜುಹುವಿನ ದಿನಗಳೂ ಆ ವೇಳೆಗೆ ಮುಗಿದಿದ್ದವು: ದೊಡ್ಡ ವಿಮಾನಗಳಿಗೆ ಸಣ್ಣ ಬಯಲು ಸಾಲದಾಗಿ, 1948ರಲ್ಲಿ ಸಂಚಾರವೆಲ್ಲ ಎರಡು ಕಿಲೋಮೀಟರು ಪೂರ್ವಕ್ಕಿರುವ ಸಾಂತಾಕ್ರೂಜಿಗೆ ಹೋಯಿತು. ಆದರೂ ಜುಹು ತನ್ನನ್ನು ಮರೆಯಗೊಡಲಿಲ್ಲವೆನ್ನಬೇಕು. 1953ರಲ್ಲಿ ಬ್ರಿಟಿಷ್ ಕಾಮೆಟ್ ಜೆಟ್ ವಿಮಾನವೂ 1972ರಲ್ಲಿ ಜಪಾನಿನ ದೊಡ್ಡ ಜೆಟ್ ವಿಮಾನವೂ ಸಾಂತಾಕ್ರೂಜೆಂದು ಭ್ರಮಿಸಿ ಇಲ್ಲಿಯೇ ಬಂದಿಳಿದವು! ಕಾಮೆಟನ್ನು ಕೆಲವು ದಿನಗಳ ಮೇಲೆ ಹೇಗೋ ಹಾರಿಸಿ ಕೊಂಡೊಯ್ದರು. ಜಪಾನಿನದು ಮತ್ತೆ ಹಾರಲಿಲ್ಲ.

ಇನ್ನು ಜೆ. ಆರ್. ಡಿ.ಯವರ ಬಾಳಿನ ಕಷ್ಟದ ಅಧ್ಯಾಯಕ್ಕೆ ಬರೋಣ. ಯುದ್ಧ ಮುಗಿದಾಗ ಸೈನ್ಯಕ್ಕೆ ಬೇಡವಾದ ಡಕೋಟಾ ವಿಮಾನಗಳು ಅಗ್ಗವಾಗಿ ಮಾರಾಟಕ್ಕೆ ಬಂದವು. ಕೊಂಡವರೆಲ್ಲ ಕಂಪೆನಿ ಕಟ್ಟಿದರು. ಕೇಳಿದವರಿಗೆಲ್ಲ ಸರಕಾರ ಲೈಸೆನ್ಸು ಕೊಟ್ಟಿತು. ಇರುವ ಪ್ರಯಾಣಿಕರಿಗಿಂತ ಕಂಪೆನಿಗಳ ಹಸಿವು ದೊಡ್ಡದಾಯಿತು. ಹೀಗೆ ಲೈಸೆನ್ಸು ಹಂಚಿದರೆ ಎಲ್ಲರೂ ಮುಳುಗುವರೆಂದು ಜೆ. ಆರ್. ಡಿ. ಎಚ್ಚರಿಸಿದ್ದರು. ಹಾಗೆಯೇ ಆಯಿತು. ನಷ್ಟದಲ್ಲಿ ಬಿದ್ದ ಕಂಪೆನಿಗಳನ್ನು ಉಳಿಸಲು ರಾಷ್ಟ್ರೀಕರಣವೇ ದಾರಿಯೆಂದು ಸರಕಾರ ತೀರ್ಮಾನಿಸಿತು; ಚೆನ್ನಾಗಿ ನಡೆಯುತ್ತಿದ್ದುದೂ ಕೆಟ್ಟು ನಡೆಯುತ್ತಿದ್ದುದೂ ಒಂದೇ ಬಲೆಗೆ ಸಿಕ್ಕಿದವು. 1953ರ ಆಗಸ್ಟ್ 1ರಂದು ಏರ್ ಇಂಡಿಯಾ ಸರಕಾರದ ವಶವಾಯಿತು. ಎರಡು ತಿಂಗಳ ಮೇಲೆ, ಅಕ್ಟೋಬರ್ 1ರಂದು, ಬಳ್ಳಾರಿಯು ಮೈಸೂರು ರಾಜ್ಯವನ್ನು ಸೇರಿತು.

ರಾಷ್ಟ್ರೀಕರಣವೆಲ್ಲವೂ ತಪ್ಪೆಂದು ನಾವು ಹೇಳುವವರಲ್ಲ. ಲಾಭವಿಲ್ಲದ ದೂರದ ಊರುಗಳಿಗೂ ವಿಮಾನ ಹೋಗಬೇಕಾದರೆ ಸರಕಾರದ ಕೈ ಬೇಕಾದೀತು. ಆದರೆ ಇಪ್ಪತ್ತೊಂದು ವರ್ಷ ಕಟ್ಟಿದವರನ್ನು ಮೊದಲೇ ವಿಚಾರಿಸದೆ, ತೀರ್ಮಾನ ಮಾಡಿದ ಮೇಲೆ ತಿಳಿಸಿದ ರೀತಿ ಅವರನ್ನು ನೋಯಿಸಿತು. ಮಿತ್ರರೇ ಆಗಿದ್ದ ಪ್ರಧಾನಿ ನೆಹರೂ ಅವರು ಕಾಗದ ಬರೆದು ಸಮಾಧಾನಪಡಿಸಿದರೂ ನೋವು ಪೂರ್ತಿ ಮಾಯಲಿಲ್ಲ. ಆಗ ಅವರ ಮುಂದೆ ಎರಡು ದಾರಿಗಳಿದ್ದವು. ಪರಿಹಾರದ ಹಣ ತೆಗೆದುಕೊಂಡು ಕೈ ತೊಳೆದುಕೊಳ್ಳಬಹುದಿತ್ತು. ಇಲ್ಲವೆ ಸರಕಾರವು ಕೇಳಿಕೊಂಡಂತೆ, ತಮ್ಮದಲ್ಲದ ಸಂಸ್ಥೆಗೆ ತಾವೇ ಅಧ್ಯಕ್ಷರಾಗಬಹುದಿತ್ತು. ಅವರು ಎರಡನೆಯದನ್ನು ಆರಿಸಿಕೊಂಡರು; ಸಂಬಳ ಮುಟ್ಟದೆ ಇಪ್ಪತ್ತೈದು ವರ್ಷ ದುಡಿದರು. ಅವರ ಜೀವನದಲ್ಲಿ ಕರಾಚಿಯ ಹಾರಾಟಕ್ಕಿಂತಲೂ ಹಿರಿದಾದುದು ಈ ಆಯ್ಕೆಯೆಂದು ನಮ್ಮ ಅಭಿಪ್ರಾಯ.

ಆ ದುಡಿಮೆ ಎಂತಹದೆಂಬುದಕ್ಕೆ ಸಣ್ಣ ಸಂಗತಿಗಳೇ ಸಾಕ್ಷಿ. ಪ್ರತಿಯೊಂದು ಪ್ರಯಾಣದಲ್ಲಿಯೂ ಕೈಯಲ್ಲಿ ಟಿಪ್ಪಣಿಯ ಕಾಗದವಿರುತ್ತಿತ್ತು. ಚಹಾದ ಬಣ್ಣ ಕಾಫಿಯಿಂದ ಬೇರೆಯಾಗಿ ತೋರದಿದ್ದುದನ್ನೂ ಅವರು ಬರೆದುಕೊಂಡು ಕಚೇರಿಗೆ ಕಳುಹಿಸುತ್ತಿದ್ದರು. ನಿಲ್ದಾಣದ ಕೌಂಟರಿನ ಮೇಲೆ ಧೂಳು ಕಂಡರೆ ತಾವೇ ಒರೆಸಲು ನಿಲ್ಲುತ್ತಿದ್ದರು. ಹೊಟೇಲಿನ ಗಲ್ಲೆಯಲ್ಲಿ ಕುಳಿತು, ಮೇಜಿನ ಕೊನೆಯ ಲೋಟದವರೆಗೂ ಕಣ್ಣಿಡುವ ನಮ್ಮ ಉಡುಪಿಯ ಯಜಮಾನರಿಗೆ ಈ ಸ್ವಭಾವ ಚೆನ್ನಾಗಿ ಅರ್ಥವಾದೀತು. ವ್ಯತ್ಯಾಸವಿಷ್ಟೇ, ಇಲ್ಲಿ ಅಂಗಡಿ ಅವರದಾಗಿರಲಿಲ್ಲ. 1962ರ ಜೂನಿನಲ್ಲಿ ಏರ್ ಇಂಡಿಯಾ ಬರೇ ಜೆಟ್ ವಿಮಾನಗಳಿಂದಲೇ ನಡೆಯುವ ಪ್ರಪಂಚದ ಮೊದಲ ಸಂಸ್ಥೆಯಾಯಿತು.

1978ರ ಜನವರಿ 1ರ ರಾತ್ರಿ ಎಂಪರರ್ ಅಶೋಕ ಎಂಬ ಜಂಬೋ ಜೆಟ್ ಸಾಂತಾಕ್ರೂಜಿನಿಂದ ಎದ್ದ ಕೆಲವೇ ನಿಮಿಷಗಳಲ್ಲಿ ಬಾಂದ್ರಾದಾಚೆಯ ಕಡಲಿಗೆ ಬಿದ್ದು 213 ಮಂದಿ ಮೃತರಾದರು. ತಿಂಗಳು ಕಳೆದು ಫೆಬ್ರವರಿಯಲ್ಲಿ ಮೊರಾರ್ಜಿ ದೇಸಾಯಿಯವರ ಸರಕಾರವು ಜೆ. ಆರ್. ಡಿ.ಯವರನ್ನು ಅಧ್ಯಕ್ಷಪದವಿಯಿಂದ ತೆಗೆಯಿತು. ಈ ಸುದ್ದಿ ಅವರಿಗೆ ತಿಳಿದುದು ಸರಕಾರದಿಂದಲ್ಲ. ಆ ಸ್ಥಾನಕ್ಕೆ ನೇಮಕವಾದ ನಿವೃತ್ತ ವಾಯುಪಡೆ ಮುಖ್ಯಸ್ಥ ಪಿ. ಸಿ. ಲಾಲ್ ಅವರೇ ಬಂದು ತಿಳಿಸಿದರು. ಐದು ದಶಕಗಳ ಕಾಲ ವಾಯುಯಾನಕ್ಕಾಗಿ ಬಾಳಿದವರಿಗೆ ಇದಕ್ಕಿಂತ ಸೌಜನ್ಯದ ಬೀಳ್ಕೊಡುಗೆ ಸಲ್ಲುತ್ತಿತ್ತು. ಎರಡು ವರ್ಷಗಳ ಬಳಿಕ ಮತ್ತೆ ಅಧಿಕಾರಕ್ಕೆ ಬಂದ ಇಂದಿರಾ ಗಾಂಧಿಯವರು ಅವರನ್ನು ನಿರ್ದೇಶಕ ಮಂಡಲಿಗೆ ಕರೆದರು, ಅಧ್ಯಕ್ಷರನ್ನಾಗಿ ಅಲ್ಲ. ಅವರು ಅದನ್ನೂ ಒಪ್ಪಿಕೊಂಡರು.

1982ರ ಅಕ್ಟೋಬರ್ 15. ಮೊದಲ ಟಪಾಲು ಹಾರಾಟಕ್ಕೆ ಐವತ್ತು ವರ್ಷ ತುಂಬಿದ ದಿನ. ಎಪ್ಪತ್ತೆಂಟರ ವೃದ್ಧರು ಲೆಪರ್ಡ್ ಮಾತ್ ಎಂಬ ಹಳೆಯ ಪುಟ್ಟ ವಿಮಾನದಲ್ಲಿ ಒಬ್ಬರೇ ಕುಳಿತು ಕರಾಚಿಯಿಂದ ಹೊರಟು, ಅಹಮದಾಬಾದಿನ ಮೂಲಕ ಬಂದು, ಜುಹುವಿನಲ್ಲಿ ಇಳಿದರು. ಸಾಂತಾಕ್ರೂಜಿನ ವಿಶಾಲವಾದ ರನ್‌ವೇ ಹತ್ತಿರದಲ್ಲಿಯೇ ಇದ್ದಿತು. ಆದರೆ ಅವರು ಇಳಿದುದು ಹಳೆಯ ಬಯಲಿಗೇ.

1992ರಲ್ಲಿ ಭಾರತರತ್ನ ಪ್ರಶಸ್ತಿ ಬಂದಿತು. 1993ರ ನವೆಂಬರ್ 29ರಂದು ಜಿನೀವಾದಲ್ಲಿ ಅವರು ಕೊನೆಯುಸಿರೆಳೆದರು. ಸದಸ್ಯರಲ್ಲದವರಿಗಾಗಿ ಸಾಮಾನ್ಯವಾಗಿ ಹಾಗೆ ಮಾಡದ ಸಂಸತ್ತು ಅವರ ಗೌರವಾರ್ಥವಾಗಿ ತನ್ನ ಕಲಾಪವನ್ನು ಮುಂದೂಡಿತು. ಹುಟ್ಟಿದ ಪ್ಯಾರಿಸಿನ ಪೇರ್ ಲಾಶೇಸ್ ಶ್ಮಶಾನದಲ್ಲಿ ಅವರ ಸಮಾಧಿಯಾಯಿತು. ದಂಪತಿಗಳಿಗೆ ಮಕ್ಕಳಿರಲಿಲ್ಲ. 2022ರ ಜನವರಿ 27ರಂದು ಸರಕಾರವು ಏರ್ ಇಂಡಿಯಾವನ್ನು ಟಾಟಾ ಸಂಸ್ಥೆಗೆ ಮರಳಿ ಒಪ್ಪಿಸಿದಾಗ ಜೆ. ಆರ್. ಡಿ.ಯವರು ಗತಿಸಿ ಇಪ್ಪತ್ತೆಂಟು ವರ್ಷಗಳು ಕಳೆದಿದ್ದವು.